ಹಳೆಯ ಬೈಕಿಗೆ ಮೈಗೊಪ್ಪುವ ಹ್ಯಾಂಡಲ್ ಆರಿಸುವುದು ಹೇಗೆ?

"ನನ್ನ ಗಾಡಿಗೆ ಯಾವ ಹ್ಯಾಂಡಲ್ ಹಾಕಿದರೆ ಬೆನ್ನು ನೋಯುವುದಿಲ್ಲ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಗಾಡಿಯ ಹೆಸರು, ಮಾದರಿಯ ವರ್ಷ ಎರಡನ್ನೂ ತಪ್ಪದೆ ಬರೆಯುತ್ತಾರೆ. ತಮ್ಮ ತೋಳಿನ ಉದ್ದವನ್ನಾಗಲಿ, ನೋವು ಎಲ್ಲಿ ಶುರುವಾಗುತ್ತದೆ ಎಂಬುದನ್ನಾಗಲಿ ಬರೆಯುವವರು ಅಪರೂಪ. ಹ್ಯಾಂಡಲ್ ಗಾಡಿಗೆ ಹೊಂದಬೇಕು, ನಿಜ. ಆದರೆ ಅದನ್ನು ಹಿಡಿದು ಕೂರುವವರು ನೀವು. ಹಾಗಾಗಿ ಹೆಸರು ಹಿಡಿದು "ಇದನ್ನು ಕೊಳ್ಳಿ" ಎನ್ನುವ ಬದಲು, ನಿಮಗೆ ಬೇಕಾದ ಅಳತೆಯನ್ನು ನೀವೇ ಕಂಡುಕೊಳ್ಳುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹ್ಯಾಂಡಲ್ ಎತ್ತರವಾದಷ್ಟೂ ಆರಾಮ ಎಂಬ ನಂಬಿಕೆಯನ್ನು ಬಿಡಿ. ಮಣಿಕಟ್ಟು ಸೊಟ್ಟಗಾಗದೆ ನೇರವಾಗಿ ನಿಲ್ಲುತ್ತದೆಯೇ ಎಂಬುದೇ ಮುಖ್ಯ. ಅದನ್ನು ಎತ್ತರಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಹಿಡಿಕೆ ಹಿಂದಕ್ಕೆ ಬಾಗಿರುವ ಕೋನ.

ಕೆಲಸಕ್ಕೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಅಳತೆ ಟೇಪು, ವರ್ನಿಯರ್ ಕ್ಯಾಲಿಪರ್ (ಕೊಳವೆಯ ವ್ಯಾಸ ಅಳೆಯುವ ಉಪಕರಣ), ಎರಡು ಪೆನ್ಸಿಲ್, ಸ್ಪ್ಯಾನರ್ ಮತ್ತು ಅಲೆನ್ ಕೀಗಳು, ಟಾರ್ಕ್ ರೆಂಚ್ (ಬೋಲ್ಟನ್ನು ನಿಗದಿತ ಬಲಕ್ಕಷ್ಟೇ ಬಿಗಿಸುವ ಉಪಕರಣ), ಟ್ಯಾಂಕಿನ ಮೇಲೆ ಹಾಸಲು ದಪ್ಪ ಬಟ್ಟೆ. ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಇದ್ದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ. ಜೊತೆಗೆ ಟೇಪು ಹಿಡಿಯಲು ಒಬ್ಬರು ಬೇಕು.

1. ನೋವು ಎಲ್ಲಿದೆ, ಏನು ಹೇಳುತ್ತಿದೆ

ಒಂದು ಗಂಟೆ ಗಾಡಿ ಓಡಿಸಿ ಬಂದು, ಇಳಿದ ಕೂಡಲೇ ಮೈಯಲ್ಲಿ ಯಾವ ಭಾಗ ದೂರು ಹೇಳುತ್ತಿದೆ ಎಂದು ಗಮನಿಸಿ, ಬರೆದಿಡಿ. ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದಿದ್ದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ. ಅಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದ್ದರೆ ಮಣಿಕಟ್ಟಿನ ನಡುವಿನ ಮೀಡಿಯನ್ ನರಕ್ಕೆ ತೊಂದರೆ ಎಂದರ್ಥ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮಡಚಿಕೊಂಡೇ ಇರುವುದು ಸಾಮಾನ್ಯ ಕಾರಣ.

ಭುಜಗಳ ನಡುವೆ, ಕತ್ತಿನ ಬುಡದಲ್ಲಿ ನೋವಿದ್ದರೆ ಹ್ಯಾಂಡಲ್ ದೂರವಾಗಿದೆ ಇಲ್ಲವೇ ತೀರಾ ಅಗಲವಾಗಿದೆ. ತೋಳು ಪೂರ್ತಿ ಚಾಚಿಕೊಂಡು, ಮೊಣಕೈ ಬೀಗ ಹಾಕಿದಂತೆ ನೆಟ್ಟಗೆ ನಿಂತಿದ್ದರೆ ರಸ್ತೆಯ ಪ್ರತಿಯೊಂದು ಗುಂಡಿಯೂ ನೇರ ಭುಜಕ್ಕೇ ತಲುಪುತ್ತದೆ. ಸೊಂಟದ ಕೆಳಭಾಗ ಮತ್ತು ಬಾಲದೆಲುಬು ನೋಯುತ್ತಿದ್ದರೆ ಹ್ಯಾಂಡಲ್ ಬದಲಿಸುವ ಮುನ್ನ ಸೀಟನ್ನೊಮ್ಮೆ ಅನುಮಾನಿಸಿ. ಮೂವತ್ತು ವರ್ಷದ ಸೀಟಿನ ಸ್ಪಂಜು ಕುಗ್ಗಿ ಹಲಗೆಯಾಗಿರುತ್ತದೆ. ಸೀಟು ತಗ್ಗಿದಷ್ಟೂ ನಿಮ್ಮ ಪಾಲಿಗೆ ಹ್ಯಾಂಡಲ್ ಮೇಲೇರುತ್ತದೆ, ಮಂಡಿ ಮಡಚಿಕೊಳ್ಳುತ್ತದೆ. ಸೀಟು, ಫುಟ್‌ರೆಸ್ಟ್, ಹ್ಯಾಂಡಲ್ ಒಂದು ತ್ರಿಕೋನದ ಮೂರು ಮೂಲೆಗಳು. ಒಂದನ್ನು ಸರಿಸಿದರೆ ಉಳಿದೆರಡರ ಲೆಕ್ಕವೂ ಬದಲಾಗುತ್ತದೆ.

ಗಾಡಿ ಓಡಿಸದ ದಿನವೂ ಬೆರಳು ಜೋಮು ಹಿಡಿಯುತ್ತಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ಅದಕ್ಕೆ ಹ್ಯಾಂಡಲ್ ಮದ್ದಲ್ಲ.

2. ಇರುವ ಹ್ಯಾಂಡಲನ್ನೇ ತಿರುಗಿಸಿ ನೋಡಿ

ಕಾಸು ಖರ್ಚಿಲ್ಲದ ಈ ಹಂತವನ್ನೇ ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ಹಳೆಯ ಗಾಡಿ ಎಷ್ಟೋ ಕೈ ಬದಲಾಗಿ ಬಂದಿರುತ್ತದೆ. ಹಿಂದಿನ ಮಾಲೀಕರು ಹ್ಯಾಂಡಲನ್ನು ಎಲ್ಲಿ ತಿರುಗಿಸಿ ಬಿಗಿಸಿದ್ದರೋ ಅಲ್ಲಿಯೇ ಅದು ನಿಂತಿರುತ್ತದೆ.

ಕ್ಲ್ಯಾಂಪಿನ (ಹ್ಯಾಂಡಲನ್ನು ಗಾಡಿಗೆ ಕಚ್ಚಿಹಿಡಿಯುವ ಭಾಗ) ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಹ್ಯಾಂಡಲನ್ನು ಕೆಲವೇ ಡಿಗ್ರಿ ಹಿಂದಕ್ಕೆ ಅಥವಾ ಮುಂದಕ್ಕೆ ಹೊರಳಿಸಿ, ಮತ್ತೆ ಬಿಗಿಸಿ ಕೂತು ನೋಡಿ. ಕ್ಲ್ಯಾಂಪ್ ಸೇರುವ ಅಂಚಿಗೆ ಹೊಂದಿಸಲು ಹ್ಯಾಂಡಲಿನ ಮೇಲೆ ಸಣ್ಣ ಚುಕ್ಕಿ ಗುರುತು ಇದ್ದರೆ, ತಯಾರಕರು ಉದ್ದೇಶಿಸಿದ ಸ್ಥಾನ ಅದೇ. ಅಲ್ಲಿಂದ ಶುರುಮಾಡಿ. ನಂತರ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಕೋನ ನೋಡಿ. ಸವಾರಿಯ ಭಂಗಿಯಲ್ಲಿ ಕೂತು ಬೆರಳುಗಳನ್ನು ಲಿವರ್ ಮೇಲೆ ಇಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇಳಿಯಬೇಕು. ಲಿವರ್ ನೆಲಕ್ಕೆ ಸಮವಾಗಿರಬೇಕು ಎಂಬ ನಿಯಮವೇನೂ ಇಲ್ಲ. ಸಾಮಾನ್ಯವಾಗಿ ಅದು ಸ್ವಲ್ಪ ಕೆಳಮುಖವಾಗಿಯೇ ಇರಬೇಕಾಗುತ್ತದೆ.

ಹೀಗೆ ಹೊರಳಿಸುವಾಗ ಒಂದು ಮಿತಿ ಇದೆ. ಹ್ಯಾಂಡಲನ್ನು ತೀರಾ ಹಿಂದಕ್ಕೆ ಬಾಗಿಸಿದರೆ ಹಿಡಿಕೆಯ ತುದಿಗಳು ನೆಲದತ್ತ ಇಳಿದು, ಮಣಿಕಟ್ಟು ಇನ್ನಷ್ಟು ಸೊಟ್ಟಗಾಗುತ್ತದೆ. ಹತ್ತಿರ ಬೇಕೆಂದು ಹೊರಳಿಸುತ್ತಲೇ ಹೋಗುವುದು ಪರಿಹಾರವಲ್ಲ. ಹಾಗೆ ಮಾಡಬೇಕಾಗಿ ಬಂದರೆ ನಿಮಗೆ ನಿಜಕ್ಕೂ ಬೇರೆ ಆಕಾರದ ಹ್ಯಾಂಡಲ್ ಬೇಕು.

ಇನ್ನೊಂದು ತಪಾಸಣೆ ರಬ್ಬರ್ ಬುಷ್‌ಗಳದು. ಹಲವು ಗಾಡಿಗಳಲ್ಲಿ ಹ್ಯಾಂಡಲ್ ಹಿಡಿದಿರುವ ಕ್ಲ್ಯಾಂಪಿನ ಬುಡಕ್ಕೂ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಮೇಲಿನ ತಟ್ಟೆಗೂ ನಡುವೆ ಕಂಪನ ತಡೆಯುವ ರಬ್ಬರ್ ಇರುತ್ತದೆ. ವರ್ಷಗಟ್ಟಲೆ ಬಿಸಿಲು, ಎಣ್ಣೆ ತಾಗಿ ಅದು ಒಡೆದಿರುತ್ತದೆ ಇಲ್ಲವೇ ಕಲ್ಲಾಗಿರುತ್ತದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹಿಂದೆ ಮುಂದೆ ತಳ್ಳಿ. ಫೋರ್ಕ್ ಅಲುಗದೆ ಹ್ಯಾಂಡಲ್ ಮಾತ್ರ ಎಲೆಯಂತೆ ಆಡಿದರೆ ಬುಷ್ ಹೋಗಿದೆ. ಬೆರಳು ಜುಮ್ಮೆನ್ನುವ ಎಷ್ಟೋ ದೂರುಗಳು ಹೊಸ ಬುಷ್ ಹಾಕಿದ ದಿನವೇ ಅರ್ಧಕ್ಕೆ ಇಳಿಯುತ್ತವೆ.

ಗಾಡಿ ಎಂದಾದರೂ ಬಿದ್ದಿದ್ದರೆ ಹ್ಯಾಂಡಲ್ ಒಂದು ಬದಿಗೆ ಬಾಗಿರಬಹುದು. ಎರಡೂ ತುದಿಗಳಿಂದ ಸೀಟಿನ ನಡುಗೆರೆಯ ಒಂದೇ ಬಿಂದುವಿಗೆ ಟೇಪು ಹಿಡಿಯಿರಿ. 10 ಮಿ.ಮೀ. ವ್ಯತ್ಯಾಸವೂ ಒಂದೇ ಭುಜ ನೋಯಲು ಸಾಕು.

3. ಮೈಯ ಅಳತೆ ತೆಗೆಯಿರಿ

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿ. ನೀವು ಮಾಮೂಲಿ ಕೂರುವ ಜಾಗದಲ್ಲಿ ಕೂತು, ಕಾಲು ಫುಟ್‌ರೆಸ್ಟ್ ಮೇಲಿಡಿ. ಎರಡೂ ಕೈಯಲ್ಲಿ ಒಂದೊಂದು ಪೆನ್ಸಿಲನ್ನು ಹಿಡಿಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯಿರಿ. ಕಣ್ಣು ಮುಚ್ಚಿ. ಹ್ಯಾಂಡಲ್ ಎಂಬುದೇ ಇಲ್ಲ ಎಂದುಕೊಂಡು ಭುಜ ಇಳಿಬಿಟ್ಟು, ಮೊಣಕೈ ಸ್ವಲ್ಪ ಮಡಚಿ, ಕೈಗಳನ್ನು ಅವು ತಾವಾಗಿ ನಿಲ್ಲುವ ಕಡೆ ಚಾಚಿ.

ಈಗ ಕಣ್ಣು ತೆರೆದು ಪೆನ್ಸಿಲ್ ನೋಡಿ. ಅವು ಒಂದೇ ಅಡ್ಡಗೆರೆಯಲ್ಲಿ ಇರುವುದಿಲ್ಲ. ಹೆಬ್ಬೆರಳಿನ ಕಡೆಯ ತುದಿ ಮುಂದಕ್ಕೆ ಹೋಗಿ, ಕಿರುಬೆರಳಿನ ಕಡೆಯ ತುದಿ ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಬಂದಿರುತ್ತದೆ. ನಿಮ್ಮ ಮಣಿಕಟ್ಟು ಕೇಳುತ್ತಿರುವ ಕೋನ ಅದೇ. ನೆಟ್ಟಗಿನ ಕೊಳವೆಯಂತಹ ಹ್ಯಾಂಡಲ್ ನೋಡಲು ಎಷ್ಟೇ ಚೆಂದವಿದ್ದರೂ ದೂರದ ಸವಾರಿಗೆ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೀವು ಅಲುಗದೆ ಕೂತಿರುವಾಗ ಜೊತೆಯವರು ನಾಲ್ಕು ಅಳತೆ ತೆಗೆಯಲಿ: ಎರಡು ಮುಷ್ಟಿಗಳ ಹೊರ ಅಂಚಿನ ನಡುವಿನ ದೂರ, ಕ್ಲ್ಯಾಂಪಿನ ಮಟ್ಟದಿಂದ ಮುಷ್ಟಿಯ ಎತ್ತರ, ಕ್ಲ್ಯಾಂಪಿನಿಂದ ಮುಷ್ಟಿ ಎಷ್ಟು ಹಿಂದಿದೆ ಎಂಬುದು, ಪೆನ್ಸಿಲಿನ ಓರೆ. ಓರೆಯನ್ನು ಡಿಗ್ರಿಯಲ್ಲಿ ಅಳೆಯಲು ಒದ್ದಾಡಬೇಡಿ. ಮೇಲಿನಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಸಾಕು. ನಂತರ ಹ್ಯಾಂಡಲಿನ ಚಿತ್ರದ ಪಕ್ಕ ಇಟ್ಟು ಹೋಲಿಸಬಹುದು. ಈ ಪರೀಕ್ಷೆಯನ್ನು ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಮೊದಲ ಸಲ ಎಲ್ಲರೂ ಚಿತ್ರ ತೆಗೆಸಿಕೊಳ್ಳುವವರಂತೆ ಸೆಟೆದು ಕೂರುತ್ತಾರೆ. ಸವಾರಿಯಲ್ಲಿ ಜಾಕೆಟ್ ಹಾಕುವವರಾದರೆ ಅದನ್ನು ಹಾಕಿಕೊಂಡೇ ಕೂರಿ.

4. ಹಳೆಯ ಹ್ಯಾಂಡಲಿನ ಅಳತೆ

ಮಾರಾಟದ ವಿವರಗಳಲ್ಲಿ ಕಾಣುವ ಪದಗಳು ನಾಲ್ಕೈದೇ. ಅಗಲ ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ದೂರ. ರೈಸ್ ಎಂದರೆ ಕ್ಲ್ಯಾಂಪ್ ಹಿಡಿಯುವ ನಡುಭಾಗದಿಂದ ಹಿಡಿಕೆಗಳು ಎಷ್ಟು ಮೇಲಿವೆ ಎಂಬ ಅಳತೆ. ಪುಲ್‌ಬ್ಯಾಕ್ ಎಂದರೆ ನಡುಭಾಗದಿಂದ ತುದಿ ಎಷ್ಟು ಹಿಂದಕ್ಕೆ, ಅಂದರೆ ಸವಾರನತ್ತ ಬಂದಿದೆ ಎಂಬುದು. ಸ್ವೀಪ್ ಎಂದರೆ ಹಿಡಿಕೆಯ ಭಾಗ ಹಿಂದಕ್ಕೆ ತಿರುಗಿರುವ ಕೋನ. ಇವುಗಳ ಜೊತೆ ಎರಡು ನೇರ ಭಾಗಗಳ ಉದ್ದವೂ ಬೇಕು: ನಡುವೆ ಕ್ಲ್ಯಾಂಪುಗಳು ಕೂರುವ ಭಾಗ, ಮತ್ತು ತುದಿಯಲ್ಲಿ ಗ್ರಿಪ್ (ಹಿಡಿಕೆಯ ರಬ್ಬರ್ ಕವಚ), ಸ್ವಿಚ್, ಲಿವರ್ ಕೂರುವ ಭಾಗ.

ಈ ಕೊನೆಯ ಅಳತೆಯನ್ನು ಮರೆತವರು ಬಹಳ. ತುದಿಯ ನೇರ ಭಾಗ ಗಿಡ್ಡವಾದರೆ ಸ್ವಿಚ್ಚಿನ ಪೆಟ್ಟಿಗೆ ಬಾಗಿನ ಮೇಲೆ ಬಂದು ಕೂರುತ್ತದೆ. ಅದರ ಎರಡು ಹೋಳುಗಳು ಮುಚ್ಚಿಕೊಳ್ಳುವುದಿಲ್ಲ, ಬಲವಂತ ಮಾಡಿದರೆ ಒಡೆಯುತ್ತವೆ. ಗಾಡಿಯ ಮೇಲೆ ಈಗ ಗ್ರಿಪ್ಪಿನ ಹೊರ ತುದಿಯಿಂದ ಲಿವರ್ ಹಿಡಿಕೆಯ ಒಳ ಅಂಚಿನವರೆಗೆ ಎಷ್ಟಿದೆಯೋ ಅಳೆದು, ಕನ್ನಡಿಯ ಹಿಡಿಕೆ ಬೇರೆಯಿದ್ದರೆ ಅದನ್ನೂ ಸೇರಿಸಿ.

ಈಗ ಮೈಯ ಅಳತೆಯನ್ನು ಹಳೆಯದರ ಅಳತೆಯ ಪಕ್ಕ ಬರೆಯಿರಿ. ವ್ಯತ್ಯಾಸ 20 ಮಿ.ಮೀ. ಬಂದರೆ ಅದು ಸಣ್ಣದಲ್ಲ. ಸವಾರಿಯಲ್ಲಿ 10 ಮಿ.ಮೀ. ಕೂಡ ಕೈಗೆ ತಿಳಿಯುತ್ತದೆ. ವ್ಯತ್ಯಾಸ 100 ಮಿ.ಮೀ. ಎಂದು ಬಂದರೆ ಅಳೆಯುವಾಗ ಏನೋ ತಪ್ಪಾಗಿದೆ, ಇಲ್ಲವೇ ಗಾಡಿಯ ಸೀಟು ಅಥವಾ ಫುಟ್‌ರೆಸ್ಟ್ ನಿಮಗೆ ಹೊಂದಿಲ್ಲ.

5. ವ್ಯಾಸ: ಇಲ್ಲಿ ಹೆಚ್ಚುಕಡಿಮೆ ನಡೆಯುವುದಿಲ್ಲ

ಹೆಚ್ಚಿನ ಗಾಡಿಗಳ ಹ್ಯಾಂಡಲ್ 22 ಮಿ.ಮೀ., ಅಂದರೆ ಇಂಚಿನ ಎಂಟರಲ್ಲಿ ಏಳು ಭಾಗ. ಹಾರ್ಲೆ-ಡೇವಿಡ್ಸನ್ ಮತ್ತು ಹಲವು ಕ್ರೂಸರ್‌ಗಳಲ್ಲಿ 25.4 ಮಿ.ಮೀ., ಅಂದರೆ 1 ಇಂಚು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಎರಡೂ ಸಿಗುತ್ತವೆ, ಹಾಗಾಗಿ ಊಹಿಸದೆ ಅಳೆಯಿರಿ. ಇತ್ತೀಚಿನ ದಪ್ಪ ಹ್ಯಾಂಡಲ್‌ಗಳು ಕ್ಲ್ಯಾಂಪಿನಲ್ಲಿ 28.6 ಮಿ.ಮೀ. ಇದ್ದು ತುದಿಯಲ್ಲಿ 22ಕ್ಕೆ ಇಳಿಯುತ್ತವೆ; ಹಳೆಯ ಗಾಡಿಗೆ ಅವನ್ನು ಹಾಕಲು ಕ್ಲ್ಯಾಂಪನ್ನೇ ಬದಲಿಸಬೇಕು.

ಅಳೆಯಬೇಕಾದ ಜಾಗ ಕ್ಲ್ಯಾಂಪಿನ ಪಕ್ಕ ಮತ್ತು ಎಡಗೈ ಗ್ರಿಪ್ಪಿನ ಕೆಳಗೆ. ಬಲಗೈ ಗ್ರಿಪ್ ತೆಗೆದು ಅಳೆದರೆ ಥ್ರಾಟಲ್ (ಆಕ್ಸಿಲರೇಟರ್) ಕೊಳವೆಯ ಅಳತೆ ಬರುತ್ತದೆ, ಅದು ಹ್ಯಾಂಡಲಿನದಲ್ಲ. ಇದೇ ಕಾರಣಕ್ಕೆ ಗ್ರಿಪ್ ಜೋಡಿಯಲ್ಲಿ ಬಲದ್ದರ ರಂಧ್ರ ಎಡದ್ದಕ್ಕಿಂತ ದೊಡ್ಡದು. ಅದಲುಬದಲು ಮಾಡಿ ಒಂದು ಸಂಜೆ ಬೆವರಿದ ಮೇಲೆ ನನಗೂ ಇದು ನೆನಪಿನಲ್ಲಿ ಉಳಿಯಿತು.

1 ಇಂಚಿನ ಕ್ಲ್ಯಾಂಪಿಗೆ 22 ಮಿ.ಮೀ. ಹ್ಯಾಂಡಲ್ ಹಾಕಲು ಅದಕ್ಕೆಂದೇ ಮಾಡಿದ, ನಡುವಿನ ಅಂತರ ತುಂಬುವ ಲೋಹದ ಅರೆಕೊಳವೆಗಳು ಸಿಗುತ್ತವೆ. ತಗಡು ಸುತ್ತಿ ಬಿಗಿಸುವ ಸಾಹಸ ಬೇಡ. ಬ್ರೇಕ್ ಹಿಡಿದಾಗ ನಿಮ್ಮ ಮೈಭಾರವೆಲ್ಲ ಹ್ಯಾಂಡಲ್ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ಅದು ಕ್ಲ್ಯಾಂಪಿನೊಳಗೆ ಹೊರಳಿದರೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ.

ಇನ್ನು ಲೋಹ. ಉಕ್ಕು ಭಾರ, ತುಕ್ಕು ಹಿಡಿಯುತ್ತದೆ. ಆದರೆ ಬಿದ್ದಾಗ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಆಳವಾದ ಗೀರು ಬಿದ್ದ ಕಡೆಯಿಂದ ಸುಳಿವಿಲ್ಲದೆ ಬಿರುಕು ಬಿಡಬಲ್ಲದು. ಬಾಗಿದ್ದನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ. ಅದರ ಗೋಡೆ ದಪ್ಪವಾಗಿರುವುದರಿಂದ ಒಳಗಿನ ರಂಧ್ರ ಕಿರಿದು. ನಿಮ್ಮ ಹಳೆಯ ಹ್ಯಾಂಡಲಿನ ತುದಿಯ ತೂಕದ ಬಿಲ್ಲೆಗಳು ಅದರೊಳಗೆ ಹೋಗದಿರಬಹುದು. ನನ್ನನ್ನು ಕೇಳಿದರೆ ಹಳೆಯ ರಸ್ತೆ ಗಾಡಿಗೆ ಉಕ್ಕೇ ಸಾಕು. ಬಳಸಿದ ಹ್ಯಾಂಡಲ್ ಕೊಳ್ಳುವುದಾದರೆ, ಅದು ಉಕ್ಕಿನದಿದ್ದರೆ ಮಾತ್ರ ಯೋಚಿಸಿ. ಗಾಜಿನ ಮೇಜಿನ ಮೇಲೆ ಇಟ್ಟು ಎರಡೂ ಬದಿ ಸಮವಾಗಿ ಕೂರುತ್ತದೆಯೇ ಎಂದು ನೋಡಿ.

6. ಆಕಾರ

ಹೆಸರುಗಳು ಬಹಳ, ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥ. ಹೆಸರಿಗಿಂತ ಅಳತೆಯನ್ನು ನಂಬಿ. ಆದರೂ ಒರಟಾಗಿ ಹೇಳುವುದಾದರೆ, ಕ್ಲಿಪ್-ಆನ್ ಎಂದರೆ ಫೋರ್ಕಿನ ಕೊಳವೆಗಳಿಗೇ ಬಿಗಿಸುವ ಎರಡು ಬಿಡಿ ಹಿಡಿಕೆಗಳು. ಡ್ರ್ಯಾಗ್ ಎಂದರೆ ಬಹುತೇಕ ನೇರ ಕೊಳವೆ. ಕ್ಲಬ್‌ಮನ್ ಎಂದರೆ ಮುಂದಕ್ಕೆ ಹೋಗಿ ಕೆಳಗಿಳಿಯುವುದು. ಆರಾಮ ಹುಡುಕಿ ಇಲ್ಲಿಯವರೆಗೆ ಓದಿದ್ದೀರಿ ಎಂದರೆ ಈ ಮೂರನ್ನೂ ಬಿಡಿ. ಭುಜಕ್ಕಿಂತ ಮೇಲಕ್ಕೆ ಕೈ ಎತ್ತಿಸುವ ಏಪ್ ಹ್ಯಾಂಗರ್‌ಗಳನ್ನೂ ಬಿಡಿ. ರಕ್ತ ಇಳಿದು ಕೈ ಸೋಲುತ್ತದೆ. ಹಲವು ಕಡೆ ಹ್ಯಾಂಡಲಿನ ಎತ್ತರಕ್ಕೆ ಕಾನೂನಿನ ಮಿತಿಯೂ ಇದೆ.

ಉಳಿದದ್ದು ನಡುದಾರಿ: ಸಾಧಾರಣ ಎತ್ತರ, ಸಾಧಾರಣ ಅಗಲ, ಹಿಂದಕ್ಕೆ ಬಾಗಿದ ತುದಿಗಳು. ಹಳೆಯ ಗಾಡಿಯವರಿಗೆ ಇಲ್ಲೊಂದು ಅನುಕೂಲವಿದೆ. 1970ರ ದಶಕದಲ್ಲಿ ಹಲವು ತಯಾರಕರು ಒಂದೇ ಗಾಡಿಯನ್ನು ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಹ್ಯಾಂಡಲಿನೊಂದಿಗೆ ಕಳಿಸುತ್ತಿದ್ದರು. ಟ್ರಯಂಫ್ ಬಾನ್‌ವಿಲ್ ಬ್ರಿಟನ್ನಿನಲ್ಲಿ ತಗ್ಗಿನ ಹ್ಯಾಂಡಲಿನೊಂದಿಗೂ ಅಮೆರಿಕದಲ್ಲಿ ಎತ್ತರದ ಹ್ಯಾಂಡಲಿನೊಂದಿಗೂ ಮಾರಾಟವಾಯಿತು. ಅದೇ ಕಾಲದ ಬಿಎಂಡಬ್ಲ್ಯು ಗಾಡಿಗಳಲ್ಲೂ ಹೀಗೆಯೇ. ಹಾಗಾಗಿ ನಿಮ್ಮ ಗಾಡಿಯ ಬಿಡಿಭಾಗಗಳ ಪಟ್ಟಿಯಲ್ಲಿ ಇನ್ನೊಂದು ದೇಶದ ಮಾದರಿಯ ಹ್ಯಾಂಡಲ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಸರಿಹೊಂದುವ ಉದ್ದದ ಕೇಬಲ್‌ಗಳೂ ಅದೇ ಪಟ್ಟಿಯಲ್ಲಿ ಸಿಗುತ್ತವೆ. ಮುಂದಿನ ಹಂತದ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಎತ್ತರ ಹೆಚ್ಚಿಸುವವರಿಗೆ ಗಾಳಿಯ ಲೆಕ್ಕವನ್ನೂ ಹೇಳಬೇಕು. ನೆಟ್ಟಗೆ ಕೂತಷ್ಟೂ ಎದೆ ಗಾಳಿಪಟವಾಗುತ್ತದೆ. ಊರೊಳಗೆ ಗೊತ್ತಾಗದ ಇದು ಹೆದ್ದಾರಿಯಲ್ಲಿ ಕೈಯನ್ನು ಜಗ್ಗುತ್ತದೆ, ಭಾರವೆಲ್ಲ ಬಾಲದೆಲುಬಿಗೆ ಇಳಿಯುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿದ ಭಂಗಿಯಲ್ಲಿ ಗಾಳಿಯೇ ಮೈಭಾರದ ಒಂದು ಪಾಲನ್ನು ಹೊರುತ್ತದೆ. ನಿಮ್ಮ ಸವಾರಿ ಎಲ್ಲಿ ಹೆಚ್ಚು ಎಂಬುದರ ಮೇಲೆ ತೀರ್ಮಾನಿಸಿ. ಅಗಲ ಹೆಚ್ಚಾದರೆ ತಿರುಗಿಸುವುದು ಸಲೀಸು, ಆದರೆ ಪೂರ್ತಿ ತಿರುಗಿಸಿದಾಗ ಹೊರಗಿನ ಕೈ ಎಟುಕದೆ ಹೋಗಬಹುದು.

ಈಗಿನ ಹ್ಯಾಂಡಲಿನ ಕೋನ ಸರಿಯಿದ್ದು ಎತ್ತರ ಮಾತ್ರ ಕಡಿಮೆ ಎನಿಸಿದರೆ ರೈಸರ್ ಸಾಕು. ಕ್ಲ್ಯಾಂಪಿನ ಕೆಳಗೆ ಇಡುವ ಗಟ್ಟಿ ಲೋಹದ ಏರಿಕೆ ಅದು. ಉದ್ದದ ಬೋಲ್ಟಿನೊಂದಿಗೆ ಬಂದದ್ದನ್ನೇ ಕೊಳ್ಳಿ. ಒಂದರ ಮೇಲೊಂದು ಪೇರಿಸಬೇಡಿ.

7. ಕೇಬಲ್, ಹೋಸ್, ವೈರು

ಹ್ಯಾಂಡಲ್ ಕೊಳ್ಳುವ ಮೊದಲು ನೋಡಬೇಕಾದ್ದು ಇದು, ಜನ ನೋಡುವುದು ಕೊಂಡ ಮೇಲೆ. ಕ್ಲಚ್, ಥ್ರಾಟಲ್, ಡ್ರಮ್ ಬ್ರೇಕಿದ್ದರೆ ಮುಂದಿನ ಬ್ರೇಕ್, ಚೋಕ್ ಹ್ಯಾಂಡಲ್ ಮೇಲಿದ್ದರೆ ಅದು, ಡಿಸ್ಕ್ ಇದ್ದರೆ ಬ್ರೇಕ್ ಹೋಸ್ (ಬ್ರೇಕ್ ಫ್ಲೂಯಿಡ್ ಹರಿಯುವ ಕೊಳವೆ): ಒಂದೊಂದರಲ್ಲೂ ಎಷ್ಟು ಸಡಿಲ ಉಳಿದಿದೆ ನೋಡಿ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಅತಿ ಹೆಚ್ಚು ಎಳೆತ ಬೀಳುವ ಸ್ಥಾನದಲ್ಲಿ ಪರೀಕ್ಷಿಸಿ. 20ರಿಂದ 30 ಮಿ.ಮೀ. ಏರಿಕೆಯನ್ನು ಹಲವು ಗಾಡಿಗಳ ಕೇಬಲ್ ದಾರಿ ಬದಲಿಸಿಕೊಂಡು ತಡೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಉದ್ದದ ಕೇಬಲ್ ಬೇಕೆಂದೇ ಎಣಿಸಿ. ತಗ್ಗಿನ ಹ್ಯಾಂಡಲ್ ಹಾಕುವವರಿಗೆ ತಿರುಗುಮುರುಗು ಸಮಸ್ಯೆ: ಹೆಚ್ಚಾದ ಕೇಬಲ್ ಹೆಡ್‌ಲೈಟಿನ ಮುಂದೆ ಬಿಲ್ಲಿನಂತೆ ಬಾಗಿ ಫೋರ್ಕಿನ ನಡುವೆ ಸಿಕ್ಕಿಕೊಳ್ಳುತ್ತದೆ.

ಬ್ರೇಕ್ ಹೋಸನ್ನು ಎಂದಿಗೂ ಎಳೆದು ಹೊಂದಿಸಬೇಡಿ, ನಡುವೆ ತುಂಡು ಸೇರಿಸಬೇಡಿ. ರಬ್ಬರ್ ಹೋಸುಗಳನ್ನು 4 ವರ್ಷಕ್ಕೊಮ್ಮೆ ಬದಲಿಸಲು ಹಲವು ತಯಾರಕರು ಹೇಳುತ್ತಾರೆ. ಹಳೆಯ ಗಾಡಿಯಲ್ಲಿ ಅದು ಎಂದೋ ಮೀರಿರುತ್ತದೆ. ಹಾಗಾಗಿ ಈ ನೆಪದಲ್ಲಿ ಸರಿಯಾದ ಉದ್ದದ ಹೊಸದನ್ನೇ ಹಾಕಿಸಿ. ಬ್ರೇಕ್ ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ. ಟ್ಯಾಂಕಿನ ಮೇಲೆ ಬಟ್ಟೆ ಹಾಸಲು ಹೇಳಿದ್ದು ಇದಕ್ಕೇ. ಒಂದು ಹನಿ ಬಿದ್ದರೂ ತಕ್ಷಣ ನೀರಿನಿಂದ ತೊಳೆಯಿರಿ.

ವೈರಿನ ವಿಷಯದಲ್ಲಿ ಎರಡು ತೊಡಕುಗಳಿವೆ. 1970ರ ದಶಕದ ಹೋಂಡಾ ಸಿಬಿ750ಯಂತಹ ಗಾಡಿಗಳಲ್ಲಿ ಸ್ವಿಚ್ಚಿನ ವೈರುಗಳು ಹ್ಯಾಂಡಲಿನ ಒಳಗೇ ಹಾದು ನಡುವಿನ ರಂಧ್ರದಿಂದ ಹೊರಬರುತ್ತವೆ. ಹೊಸ ಹ್ಯಾಂಡಲಿನಲ್ಲಿ ಆ ರಂಧ್ರ ಇಲ್ಲದಿದ್ದರೆ ನೀವೇ ಕೊರೆಯಲು ಹೋಗಬೇಡಿ. ಅತಿ ಹೆಚ್ಚು ಬಲ ಬೀಳುವ ಜಾಗ ಅದು. ವೈರುಗಳನ್ನು ಹೊರಗಿನಿಂದ ಪಟ್ಟಿ ಕಟ್ಟಿ ತನ್ನಿ. ಎರಡನೆಯದು ಅರ್ಥ್. ಹಳೆಯ ಗಾಡಿಗಳ ಹಾರ್ನ್ ಗುಂಡಿ ಎಷ್ಟೋ ಸಲ ಹ್ಯಾಂಡಲಿನ ಲೋಹದ ಮೂಲಕವೇ ಅರ್ಥ್ ಪಡೆಯುತ್ತದೆ. ಬಣ್ಣ ಬಳಿದ ಹೊಸ ಹ್ಯಾಂಡಲ್ ಹಾಕಿದ ಮೇಲೆ ಹಾರ್ನ್ ಸತ್ತುಹೋದರೆ ಬ್ಯಾಟರಿಯನ್ನು ಬೈಯಬೇಡಿ. ಸ್ವಿಚ್ ಕೂರುವಲ್ಲಿ ಬಣ್ಣ ಸ್ವಲ್ಪ ಕೆರೆಯಿರಿ, ರಬ್ಬರ್ ಬುಷ್ ಇದ್ದರೆ ಹ್ಯಾಂಡಲಿನಿಂದ ಚೌಕಟ್ಟಿಗೆ ಒಂದು ಅರ್ಥ್ ವೈರು ಕೊಡಿ.

8. ಬಿಚ್ಚಿ ಕೂರಿಸುವುದು

ಬಿಚ್ಚುವ ಮುನ್ನ ಎಲ್ಲ ದಿಕ್ಕಿನಿಂದ ಚಿತ್ರ ತೆಗೆದಿಡಿ; ಕೇಬಲ್ ಯಾವುದರ ಹಿಂದೆ ಹಾದಿತ್ತು ಎಂಬುದು ಒಂದು ಗಂಟೆಯಲ್ಲಿ ಮರೆತುಹೋಗುತ್ತದೆ. ಬ್ಯಾಟರಿಯ ನೆಗೆಟಿವ್ ತುದಿ ಬಿಡಿಸಿ. ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ಲಿವರ್ ಪಕ್ಕದ ಫ್ಲೂಯಿಡ್ ಡಬ್ಬಿ ಇರುವ ಭಾಗ) ಬಿಚ್ಚಿದರೆ ನೇರವಾಗಿಯೇ ಕಟ್ಟಿಡಿ, ತಲೆಕೆಳಗಾಗಿ ನೇತಾಡಲು ಬಿಡಬೇಡಿ, ಗಾಳಿ ಸೇರುತ್ತದೆ.

ಗ್ರಿಪ್ ಉಳಿಸಿಕೊಳ್ಳಬೇಕೆಂದರೆ ಅದರ ಅಂಚನ್ನು ತೆಳುವಾದ ಮೊಂಡು ಸ್ಕ್ರೂಡ್ರೈವರಿನಿಂದ ಎತ್ತಿ, ಒಳಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ತಿರುಗಿಸುತ್ತಾ ಎಳೆಯಿರಿ. ಹಾಕುವಾಗಲೂ ಅದೇ: ಒಳಗೆ ಒದ್ದೆ ಮಾಡಿ ಒಂದೇ ಉಸಿರಿನಲ್ಲಿ ತಳ್ಳಿ. ದ್ರವ ಆರಿದ ಮೇಲೆ ಗ್ರಿಪ್ ಕಚ್ಚಿಕೊಳ್ಳುತ್ತದೆ. ಎಣ್ಣೆ, ಗ್ರೀಸ್ ಬೇಡವೇ ಬೇಡ. ಅವು ಆರುವುದಿಲ್ಲ, ಗ್ರಿಪ್ ಕೈಯಲ್ಲೇ ಕಳಚಿ ಬರುತ್ತದೆ.

ಹಲವು ಸ್ವಿಚ್ ಪೆಟ್ಟಿಗೆಗಳ ಒಳಗೆ ಒಂದು ಪುಟ್ಟ ಗೂಟ ಇರುತ್ತದೆ, ಹ್ಯಾಂಡಲಿನಲ್ಲಿ ಅದಕ್ಕೊಂದು ರಂಧ್ರ. ಉಕ್ಕಿನ ಹೊಸ ಹ್ಯಾಂಡಲಿನಲ್ಲಿ ಆ ರಂಧ್ರವನ್ನು ಕೊರೆಯಬಹುದು, ಆದರೆ ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಕೂತು ನೋಡಿ, ಸ್ಥಾನ ಖಚಿತವಾದ ಮೇಲೆ. ಒಮ್ಮೆ ತಪ್ಪು ಜಾಗದಲ್ಲಿ ಕೊರೆದರೆ ಪಕ್ಕದಲ್ಲೇ ಇನ್ನೊಂದು ಕೊರೆಯುವುದು ಒಳ್ಳೆಯದಲ್ಲ. ಅಲ್ಯೂಮಿನಿಯಂ ಆದರೆ ತಯಾರಕರು ಒಪ್ಪಿದ್ದಾರೆಯೇ ಎಂದು ನೋಡದೆ ಕೊರೆಯಬೇಡಿ.

ಕ್ಲ್ಯಾಂಪ್ ಬಿಗಿಸುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಕೆಲವಲ್ಲಿ ಮುಂದಿನ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿಸಿ, ಅಂತರವೆಲ್ಲ ಹಿಂದೆ ಉಳಿಯುವಂತೆ ಮಾಡಬೇಕು. ಕ್ಲ್ಯಾಂಪಿನ ಮೇಲೆ ಚುಕ್ಕಿ ಅಥವಾ ಬಾಣ ಮುಂದಕ್ಕೆ ಬರುವಂತೆ ಇರುತ್ತದೆ. ಉಳಿದವುಗಳಲ್ಲಿ ಹಿಂದೆ ಮುಂದೆ ಸಮ ಅಂತರ ಬರುವಂತೆ ಸರದಿಯಲ್ಲಿ ಬಿಗಿಸಬೇಕು. ಬಿಗಿಸುವ ಬಲ 8 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್-ಮೀಟರ್ ಆಸುಪಾಸು. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಹಳೆಯ ಅಲ್ಯೂಮಿನಿಯಂ ಕ್ಲ್ಯಾಂಪಿನ ತಿರುಪಿನ ಮರೆಗಳು (ಥ್ರೆಡ್) ಸವೆದಿರುತ್ತವೆ. "ಇನ್ನೊಂದು ಸುತ್ತು ಇರಲಿ" ಎಂಬ ಒಳ್ಳೆಯ ಮನಸ್ಸಿನಿಂದಲೇ ಅವು ಕಿತ್ತುಬರುವುದು.

9. ಗಾಡಿ ಹೊರಡುವ ಮುನ್ನ

ಹ್ಯಾಂಡಲನ್ನು ನಿಧಾನವಾಗಿ ಎರಡೂ ಕೊನೆಗೆ ತಿರುಗಿಸಿ. ಲಿವರ್, ಸ್ವಿಚ್, ಹೆಬ್ಬೆರಳು ಟ್ಯಾಂಕಿಗೆ ತಾಗಬಾರದು. ಹೆಬ್ಬೆರಳು ನಡುವೆ ಸಿಕ್ಕಿಕೊಳ್ಳುವ ಹ್ಯಾಂಡಲ್ ಎಷ್ಟೇ ಆರಾಮವಿದ್ದರೂ ಬೇಡ. ಮೀಟರಿಗೂ ತಾಗಬಾರದು.

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಮತ್ತೆ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ ಕಿವಿಗೊಡಿ. ಎಂಜಿನ್ನಿನ ಸದ್ದು ಕೂದಲೆಳೆಯಷ್ಟು ಏರಿದರೂ ಥ್ರಾಟಲ್ ಕೇಬಲ್ ಎಳೆಯುತ್ತಿದೆ ಎಂದರ್ಥ. ತಿರುವಿನಲ್ಲಿ ಗಾಡಿ ತಾನಾಗಿ ವೇಗ ಹೆಚ್ಚಿಸಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗ್ರಿಪ್ ತಿರುಗಿಸಿ ಬಿಟ್ಟರೆ ಟಪ್ಪನೆ ಹಿಂದಕ್ಕೆ ಬರಬೇಕು, ಎಲ್ಲ ಸ್ಥಾನದಲ್ಲೂ. ಬಾರದಿದ್ದರೆ ಗ್ರಿಪ್ಪನ್ನು ಹ್ಯಾಂಡಲಿನ ಕೊನೆಯವರೆಗೆ ಒತ್ತಿಬಿಟ್ಟಿರಬಹುದು, 1ರಿಂದ 2 ಮಿ.ಮೀ. ಹೊರಕ್ಕೆ ಸರಿಸಿ. ಗ್ರಿಪ್ಪಿನ ಅಂಚಿನಲ್ಲಿ 2ರಿಂದ 6 ಮಿ.ಮೀ. ಸಡಿಲ ಹಲವು ಗಾಡಿಗಳಿಗೆ ಸರಿಯಾದದ್ದು. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಉಳಿಸಿ. ಆಟವೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟುಗಳು ಸುಟ್ಟುಹೋಗುತ್ತವೆ.

ಡಿಸ್ಕ್ ಬ್ರೇಕಿದ್ದರೆ ಹೋಸ್ ಬದಲಿಸಿದ ಮೇಲೆ ಗಾಳಿ ತೆಗೆದು, ಲಿವರ್ ಗಟ್ಟಿಯಾಗಿ ನಿಲ್ಲುವವರೆಗೆ ಗಾಡಿ ರಸ್ತೆಗಿಳಿಸಬೇಡಿ. ಈ ಕೆಲಸದ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ಕಿಗೆ ಒಪ್ಪಿಸಿ. ಕೊನೆಗೆ ಮುಂದಿನ ಚಕ್ರದ ಎದುರು ನಿಂತು, ಎರಡೂ ಹಿಡಿಕೆಗಳ ಮೇಲೆ ಮೈಭಾರ ಬಿಟ್ಟು ಕೆಳಕ್ಕೆ ಒತ್ತಿ. ಹ್ಯಾಂಡಲ್ ಹೊರಳಿದರೆ ಕ್ಲ್ಯಾಂಪಿನಲ್ಲಿ ಏನೋ ಸರಿಯಿಲ್ಲ.

10. ಮೊದಲ ಕೆಲವು ದಿನ

ಮೊದಲ ಸವಾರಿ ಹತ್ತಿರದ್ದಿರಲಿ, ಸ್ಪ್ಯಾನರ್ ಜೇಬಿನಲ್ಲಿರಲಿ. ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ಕೋನ ಚೂರು ತಿದ್ದಿ, ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಹ್ಯಾಂಡಲನ್ನೂ ಲಿವರನ್ನೂ ಒಟ್ಟಿಗೆ ಹೊರಳಿಸಿದರೆ ಯಾವುದರಿಂದ ಒಳ್ಳೆಯದಾಯಿತು ಎಂದು ತಿಳಿಯದು. ಸುಮಾರು 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ. ಸರಿಯೆನಿಸಿದ ಕೋನವನ್ನು ಕ್ಲ್ಯಾಂಪಿನ ಅಂಚಿನಲ್ಲಿ ಬಣ್ಣದ ಸಣ್ಣ ಗೆರೆಯಿಂದ ಗುರುತಿಸಿ. ಹ್ಯಾಂಡಲ್ ಜಾರಿದರೆ ಆ ಗೆರೆಯೇ ಹೇಳುತ್ತದೆ.

ಭಂಗಿ ಸರಿಯಾಗಿಯೂ ಕೈ ಜುಮ್ಮೆನ್ನುತ್ತಿದ್ದರೆ ಈಗ ಕಂಪನದ ಸರದಿ. ಹೊಸ ಹ್ಯಾಂಡಲಿನ ಉದ್ದ, ದಪ್ಪ ಬದಲಾದ್ದರಿಂದ ಅದು ನಡುಗುವ ವೇಗವೂ ಬದಲಾಗಿರುತ್ತದೆ. ಮೊದಲು ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದ್ದ ನಡುಕ ಈಗ 75ರಲ್ಲಿ ಕಾಣಿಸಬಹುದು. ತುದಿಗೆ ಭಾರದ ಬಿಲ್ಲೆ ಹಾಕಿ ನೋಡಿ, ನಂತರ ಸ್ವಲ್ಪ ಮೆದುವಾದ ಗ್ರಿಪ್. ತೀರಾ ದಪ್ಪ ಗ್ರಿಪ್ ಚಿಕ್ಕ ಕೈಯವರಿಗೆ ಹಿಡಿತದ ಆಯಾಸ ತರುತ್ತದೆ, ಅದನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಎಂಜಿನ್ ಕೂರಿಸಿದ ಬೋಲ್ಟುಗಳು ಸಡಿಲವಾಗಿದ್ದರೆ ಇದಾವುದೂ ಕೆಲಸ ಮಾಡದು, ಹಾಗಾಗಿ ಬಿಲ್ಲೆ ಕೊಳ್ಳುವ ಮುನ್ನ ಅವುಗಳ ಮೇಲೊಮ್ಮೆ ಸ್ಪ್ಯಾನರ್ ಆಡಿಸಿ.

ಹಳೆಯ ಹ್ಯಾಂಡಲನ್ನು ಮಾರಬೇಡಿ. ಅದರ ಮೇಲೆ ಅಳತೆಗಳನ್ನು ಬರೆದ ಚೀಟಿ ಅಂಟಿಸಿ, ಅಟ್ಟಕ್ಕೆ ಹಾಕಿ. ಮುಂದಿನ ಸಲ "ಇನ್ನೂ 15 ಮಿ.ಮೀ. ಹತ್ತಿರ ಬೇಕಿತ್ತು" ಎನಿಸಿದಾಗ ಯಾವುದಕ್ಕೆ ಹೋಲಿಸಿ 15 ಎಂದು ಗೊತ್ತಿರುತ್ತದೆ.